ತೂಕದಮ್ಮನ ಸುಳ್ಳು ತೂಕ

ಪೇಟೆಯ ಅಂಗಡಿಯವರು ಅವಳಿಗಿಟ್ಟ ಹೆಸರು ತೂಕದಮ್ಮ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಿ, ತಪ್ಪಿದ್ದರೆ ಎತ್ತಿಕೊಂಡು ಬರುವುದು ಅವಳ ಸರ್ಕಾರಿ ಕೆಲಸ. ತಟ್ಟೆಯ ಅಡಿ ಅಂಟಿಸಿಟ್ಟ ಸೀಸದ ಚೂರನ್ನು ಬೆರಳಾಡಿಸಿಯೇ ಪತ್ತೆ ಹಚ್ಚುತ್ತಿದ್ದಳು. ಹೀಗೆ ಊರಿಗೆಲ್ಲ ತೂಕ ಹೇಳುವ ಮಹಾತಾಯಿ, ತಾನು ಮಾತ್ರ ಎರಡು ವರ್ಷದಿಂದ ಯಾವ ತಕ್ಕಡಿಯ ಮೇಲೂ ಕಾಲಿಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಅವಳ ಬಸಿರು ನಾಲ್ಕನೇ ತಿಂಗಳಿಗೆ ಇಳಿದುಹೋಗಿತ್ತು. ಈಗ ಮೂವತ್ತೈದು ತುಂಬುತ್ತ ಬಂದಿತ್ತು. ಮಗು ಬೇಕೆಂದು ಜೀವ ಹಾತೊರೆಯುತ್ತಿತ್ತು, ಮತ್ತೆ ಹಾಗೇ ಆದರೆ ಎಂದುಕೊಂಡಾಗ ಅದೇ ಜೀವ ಹಿಡಿಯಷ್ಟಾಗುತ್ತಿತ್ತು. ಅವಳ ಗಂಡ ಶಾಲೆ ಬಸ್ಸಿನ ಡ್ರೈವರು, ಮಾತು ಕಮ್ಮಿ. ಈ ಸಲ ಬಸಿರಾಗುವ ಮೊದಲೇ ಒಳ್ಳೆಯ ಹೆರಿಗೆ ಡಾಕ್ಟರನ್ನು ಗೊತ್ತುಮಾಡಿಕೊಂಡು, ಮೈ ಸರಿಮಾಡಿಕೊಂಡೇ ಮುಂದುವರಿಯೋಣ ಎಂದ. ಅವಳು ಟೊಂಕ ಕಟ್ಟಿ ನಿಂತಳು.

ಮೈ ಸರಿಮಾಡುವ ಕೆಲಸ ಮೊದಲು ಶುರುವಾಯಿತು. ಬೆಳಗಿನ ನಡಿಗೆ ಮೂರು ದಿನ ನಡೆಯಿತು. ನಾಲ್ಕನೇ ದಿನ ಅವಳಿಗೆ ಹುಟ್ಟಿದಾಗಿನಿಂದ ಇಲ್ಲದ ಮಂಡಿನೋವು ಬಂತು. ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕುತ್ತಿದ್ದವಳು ಎರಡಕ್ಕೆ ಇಳಿಸಿದಳು, ನಾಲ್ಕು ಲೋಟ ಕುಡಿಯುತ್ತಿದ್ದವಳು ಆರಕ್ಕೆ ಏರಿಸಿದಳು. ಗ್ರಾಮಿನ ಲೆಕ್ಕದಲ್ಲಿ ವ್ಯಾಪಾರಿಗಳನ್ನು ಗೋಳು ಹೊಯ್ದುಕೊಳ್ಳುವವಳ ತಲೆಗೆ ಈ ಲೆಕ್ಕ ಮಾತ್ರ ಹತ್ತಲೇ ಇಲ್ಲ.

ಇನ್ನು ಡಾಕ್ಟರ ಹುಡುಕಾಟ. ಮೊದಲನೆಯದು ಗಾಜಿನ ಬಾಗಿಲಿನ ದೊಡ್ಡ ಆಸ್ಪತ್ರೆ. ತೂಕ ನೋಡಬೇಕು ಎಂದದ್ದೇ ತಡ, ಅವಳು ಚೀಲದಿಂದ ಇಲಾಖೆಯ ತೂಕದ ಕಲ್ಲುಗಳನ್ನು ತೆಗೆದು ಯಂತ್ರದ ಮೇಲಿಟ್ಟಳು. ಮುನ್ನೂರು ಗ್ರಾಂ ಹೆಚ್ಚು ತೋರಿಸಿತು. ಇಂಥ ಕಡೆ ಹೆರಿಗೆಯೇ ಎಂದು ಹೊರಟುಬಂದಳು. ಎರಡನೆಯದರಲ್ಲಿ ಡಾಕ್ಟರಮ್ಮ ಬೆಣ್ಣೆಯಂಥ ಮಾತಿನವರು, ಆದರೆ ಯಂತ್ರದ ಒಂದು ಕಾಲು ಗಿಡ್ಡ, ಅದರಡಿ ಮಡಿಸಿದ ಕಾಗದ. ಅಲ್ಲಿಂದಲೂ ಎದ್ದಳು. ಎರಡೂ ಕಡೆ ತುಂಬಿಸಿಕೊಂಡ ಅರ್ಜಿಯಲ್ಲಿ, ಹಿಂದೆ ಬಸಿರಾಗಿದ್ದಿರಾ ಎಂಬಲ್ಲಿ ಅವಳು ‘ಇಲ್ಲ’ ಎಂದು ಬರೆದಿದ್ದಳು. ಅದನ್ನು ಗಂಡನಿಗೆ ಹೇಳಲಿಲ್ಲ. ತಕ್ಕಡಿಯ ದೋಷವನ್ನು ಮಾತ್ರ ದಾರಿಯುದ್ದಕ್ಕೂ ಹೇಳಿದಳು. ಪಾಪ, ಇಪ್ಪತ್ತು ಕಿಲೋ ಕಲ್ಲಿನ ಚೀಲ ಹೊತ್ತು ಬರುತ್ತಿದ್ದವನು ಹೂಂಗುಟ್ಟಿದ.

ಮೂರನೆಯದು ಔಷಧಿ ಅಂಗಡಿಯ ಹಿಂದಿನ ಎರಡು ಕೋಣೆಯ ಹೆರಿಗೆ ಕೇಂದ್ರ. ಡಾಕ್ಟರು ವಾರಕ್ಕೆರಡು ದಿನ ಬರುತ್ತಿದ್ದರು, ಉಳಿದದ್ದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ನರೆಗೂದಲಿನ ಒಬ್ಬ ನರ್ಸಮ್ಮ. ತೂಕದಮ್ಮ ಗಂಡನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ ಒಂದೊಂದೇ ಕಲ್ಲನ್ನು ಯಂತ್ರದ ಮೇಲೆ ಪೇರಿಸಿದಳು. ನರ್ಸಮ್ಮ ತಡೆಯಲಿಲ್ಲ, ನಗಲಿಲ್ಲ, ಕುರ್ಚಿ ಎಳೆದುಕೊಂಡು ನೋಡುತ್ತ ಕೂತರು. ಮುಳ್ಳು ಇಪ್ಪತ್ತರ ಮೇಲೆ ಕದಲದೆ ನಿಂತಿತು. ಜೀವಮಾನದಲ್ಲಿ ಸರಿಯಾದ ತಕ್ಕಡಿ ಕಂಡು ಅವಳು ಬೆವರಿದ್ದು ಅದೇ ಮೊದಲು.

“ಕಲ್ಲಿನ ತೂಕ ಆಯ್ತಲ್ಲ,” ಎಂದರು ನರ್ಸಮ್ಮ. “ಈಗ ನೀವು ಹತ್ತಿ, ತಾಯಿ.”

ಹತ್ತಿದಳು. ಅವಳು ಊಹಿಸಿದ್ದಕ್ಕಿಂತ ಒಂಬತ್ತು ಕಿಲೋ ಹೆಚ್ಚಿತ್ತು. ಸಂತೆಯಲ್ಲಿ ಇಂಥ ವ್ಯತ್ಯಾಸ ಸಿಕ್ಕಿದ್ದರೆ ಅಂಗಡಿಯನ್ನೇ ಮುಚ್ಚಿಸುತ್ತಿದ್ದಳು. ಆಮೇಲೆ ರಕ್ತದ ಒತ್ತಡ ನೋಡಿ, ಸಕ್ಕರೆ ಪರೀಕ್ಷೆಗೆ ರಕ್ತ ತೆಗೆದು, ನರ್ಸಮ್ಮ ಅರ್ಜಿ ಮುಂದೆ ಸರಿಸಿದರು. ಪೆನ್ನು ಅದೇ ಪ್ರಶ್ನೆಯ ಹತ್ತಿರ ಬಂದು ನಿಂತಿತು. ತಟ್ಟೆಯ ಅಡಿಯ ಸೀಸ ಸಿಕ್ಕಿಬಿದ್ದಾಗ ವ್ಯಾಪಾರಿಗಳ ಮುಖ ಹೇಗಾಗುತ್ತಿತ್ತೆಂದು ಅವಳಿಗೆ ನೆನಪಾಯಿತು. ತನ್ನದೂ ಈಗ ಹಾಗೇ ಆಗಿದೆ ಅನ್ನಿಸಿತು.

“ಒಂದು ಸಲ ಆಗಿದ್ದೆ,” ಎಂದಳು. “ನಾಲ್ಕು ತಿಂಗಳಿಗೆ ಹೋಯ್ತು. ನನ್ನ ಮೈಯದೇ ತಪ್ಪು ಅಂತೀರೇನೋ ಅಂತ ಎಲ್ಲೂ ಹೇಳಿಲ್ಲ.”

“ತಪ್ಪು ಹುಡುಕೋದು ನಿಮ್ಮ ಕೆಲಸ, ನಮ್ದಲ್ಲ,” ಎಂದು ನರ್ಸಮ್ಮ ಅದನ್ನು ತಾವೇ ಬರೆದುಕೊಂಡರು. ಹೀಗಾಗಿದ್ದು ಗೊತ್ತಿದ್ದರೆ ಮೊದಲಿನಿಂದಲೇ ಹೆಚ್ಚು ಕಣ್ಣಿಡಬಹುದು ಎಂದರು. ಡಾಕ್ಟರನ್ನು ನೋಡಲು ಗುರುವಾರ ಬರಬೇಕು, ಹಳೆಯ ಚೀಟಿಗಳನ್ನೆಲ್ಲ ತರಬೇಕು. ಫೋಲಿಕ್ ಆಸಿಡ್ ಮಾತ್ರೆ ಈಗಿನಿಂದಲೇ ಶುರು, ದಿನಾ ನಡಿಗೆ, ಚಹಾ ಎರಡೇ ಲೋಟ. ಲೋಟ ಎಷ್ಟು ದೊಡ್ಡದಿರಬಹುದು ಎಂದು ಅವಳು ಕೇಳಹೊರಟು ಬಾಯಿ ಮುಚ್ಚಿಕೊಂಡಳು. ಕಣ್ಣುಗಳು ಮಾತ್ರ ಅವಳ ಮಾತು ಕೇಳದೆ ತುಂಬಿ ಬಂದವು.

ಹೊರಗೆ ಗಂಡ ಎದ್ದು ನಿಂತಿದ್ದ. ಮತ್ತೊಂದು ಆಸ್ಪತ್ರೆಗೆ ಹೊರಡುವ ಸಿದ್ಧತೆಯಲ್ಲಿ ಅವಳ ಕೈಯಲ್ಲಿದ್ದ ಚೀಲಕ್ಕೆ ಕೈಚಾಚಿ, “ಇಲ್ಲಿ ಎಷ್ಟು ವ್ಯತ್ಯಾಸ?” ಎಂದು ಕೇಳಿದ.

“ತಕ್ಕಡಿ ಸರಿಯಾಗೇ ಇದೆ ಕಣ್ರೀ,” ಎಂದಳು. “ಇಷ್ಟು ದಿನ ಸುಳ್ಳು ತೂಕ ತೋರಿಸ್ತಿದ್ದೋಳು ನಾನು.”

ಅವನು ಚೀಲವನ್ನು ಹೆಗಲಿಗೇರಿಸಿಕೊಂಡ. ಬಸ್ಸು ಬೇಡ, ಮನೆಯವರೆಗೂ ನಡೆದೇ ಹೋಗೋಣ ಎಂದು ಅವಳೇ ಹೇಳಿದಳು.