ಹುಳದ ಮನೆಯ ಮೈಲಿಗೆ

ಜಡಿಗೇನಹಳ್ಳಿ ಕಡೆಯ ನಮ್ಮೂರಿನಲ್ಲಿ ಹೆಂಗಸಿಗಿಂತ ರೇಷ್ಮೆಹುಳ ದೊಡ್ಡ ಜೀವ. ಅದಕ್ಕೆ ಬೆಚ್ಚಗೆ ಬೇಕು, ಗಾಳಿ ಬೇಕು, ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೇಕು. ಮುಟ್ಟಾದವಳ ನೆರಳು ಬಿದ್ದರೆ ಅದು ಸತ್ತೇ ಹೋಗುತ್ತದೆ ಎಂದು ಗಂಡಸರೆಲ್ಲ ನಂಬಿದ್ದರು. ಈ ನಂಬಿಕೆಗೆ ನಮ್ಮ ಪಕ್ಕದ ಮನೆಯ ಅಪ್ಪಯ್ಯಣ್ಣನವರೇ ಪೀಠಾಧಿಪತಿಗಳು. ಅವರ ಸೊಸೆ ಭಾಗ್ಯಮ್ಮನ ಕಥೆ ಹೇಳಬೇಕಾದರೆ ಆ ಮಹಾನುಭಾವರಿಂದಲೇ ಶುರು ಮಾಡಬೇಕು, ಏನು ಮಾಡೋಣ.

ಭಾಗ್ಯಮ್ಮ ಮಧುರೆ ಕಡೆಯ ಹುಡುಗಿ. ಮದುವೆಯಾಗಿ ಬಂದ ವಾರಕ್ಕೇ ಹುಳದ ಮನೆ ಅವಳ ತಲೆಗೆ ಬಂತು. ಸೊಪ್ಪು ಕೊಯ್ಯುವುದು, ಕತ್ತರಿಸಿ ಹಾಕುವುದು, ತಟ್ಟೆ ಎತ್ತಿ ಹಿಕ್ಕೆ ತೆಗೆಯುವುದು, ಗೂಡು ಕಟ್ಟಲು ಹಣ್ಣಾದ ಹುಳ ಆರಿಸಿ ಚಂದ್ರಿಕೆಯ ಬಿದಿರು ತಟ್ಟಿಗೆ ಬಿಡುವುದು, ಎಲ್ಲ ಅವಳದೇ. ಗೂಡನ್ನು ಮಾರುಕಟ್ಟೆಗೆ ಒಯ್ದು ಬರುವುದು ಮಾತ್ರ ಗಂಡ ವೇಣುಗೋಪಾಲನ ಕೆಲಸ. ಊರಲ್ಲಿ ಹೆಸರು ಬಂದದ್ದು ಅವನಿಗೆ. ‘ವೇಣು ಚೆನ್ನಾಗಿ ಬೆಳೀತಾನೆ’ ಎನ್ನುತ್ತಿದ್ದರು.

ಅಪ್ಪಯ್ಯಣ್ಣನವರ ಶಾಸ್ತ್ರವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹುಳ ಸಣ್ಣದಿದ್ದಾಗ ಕೆಲಸ ಕಡಿಮೆ. ಆಗ ಭಾಗ್ಯಮ್ಮ ಮುಟ್ಟಾದರೆ ಮಹಾ ಮೈಲಿಗೆ. ದನದ ಕೊಟ್ಟಿಗೆಯ ಪಕ್ಕ ಕೂರಬೇಕು, ತಟ್ಟೆ ಲೋಟ ಬೇರೆ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು ಏಳುತ್ತದಲ್ಲ, ನಾವು ನಾಲ್ಕನೇ ಜ್ವರ ಎನ್ನುತ್ತೇವೆ, ಆಮೇಲೆ ಅದಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಮಂದಿಯ ಸೊಂಟ ಬಿದ್ದುಹೋಗುತ್ತದೆ. ಆ ದಿನಗಳಲ್ಲಿ ಭಾಗ್ಯಮ್ಮ ಮುಟ್ಟಾದರೆ ಶಾಸ್ತ್ರವೇ ಬದಲಾಗುತ್ತಿತ್ತು. ತಲೆಗೆ ನೀರು ಹಾಕಿಕೊಂಡು, ತುಂಬೆ ಸೊಪ್ಪಿನ ನೀರು ಚಿಮುಕಿಸಿಕೊಂಡು ಒಳಗೆ ಹೋದರೆ ದೋಷವಿಲ್ಲವಂತೆ. ಇದು ಅವರ ಅಜ್ಜನ ಕಾಲದಿಂದ ಬಂದದ್ದಂತೆ. ಅವರ ಅಜ್ಜ ಬೆಳೆದದ್ದು ರಾಗಿ. ರೇಷ್ಮೆಹುಳವನ್ನು ಕಣ್ಣಲ್ಲೂ ಕಂಡವರಲ್ಲ.

ವೇಣುಗೋಪಾಲ ಬೀಡಿ ಸೇದಿದ ಕೈಯಲ್ಲೇ ಸೊಪ್ಪು ಮುಟ್ಟುತ್ತಿದ್ದ. ಹೊಗೆಸೊಪ್ಪು ಹುಳಕ್ಕೆ ವಿಷ ಎಂದು ರೇಷ್ಮೆ ಇಲಾಖೆಯವರು ಬಂದು ಹೇಳಿ ಹೋಗಿದ್ದರು. ಆದರೆ ಅದು ಗಂಡಸಿನ ಕೈ, ಅದಕ್ಕೆ ಮೈಲಿಗೆ ಎಲ್ಲಿಂದ ಬರಬೇಕು. ಹುಳದ ತಟ್ಟೆಗಳನ್ನು ತೊಳೆದು ಅಂಗಳದ ಬಿಸಿಲಿಗೆ ಸಾಲಾಗಿ ನಿಲ್ಲಿಸುತ್ತಿದ್ದರು, ರೋಗ ಬರಬಾರದೆಂದು. ಭಾಗ್ಯಮ್ಮನ ಮುಟ್ಟಿನ ಬಟ್ಟೆ ಮಾತ್ರ ಬೆರಣಿ ಗೂಡಿನ ಹಿಂದೆ, ಯಾರ ಕಣ್ಣಿಗೂ ಬೀಳದ ಕತ್ತಲಲ್ಲಿ, ಒಣಗಿದರೆ ಒಣಗಲಿ ಇಲ್ಲದಿದ್ದರೆ ಇಲ್ಲ. ನರ್ಸಮ್ಮ ಬಂದಾಗಲೆಲ್ಲ ಬಟ್ಟೆಯನ್ನು ಬಿಸಿಲಿಗೆ ಹಾಕಿ ಎನ್ನುತ್ತಿದ್ದರು. ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕು ಸುಮ್ಮನಾಗುತ್ತಿದ್ದರು.

ತೊಂಬತ್ತೊಂದನೇ ಇಸವಿ ಇರಬೇಕು. ನಾನು ಹೊಸಕೋಟೆಗೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಭಾಗ್ಯಮ್ಮ ಹಿತ್ತಿಲ ಬಾಗಿಲಿಗೆ ಬಂದು, ನಮ್ಮಮ್ಮನ ಹಳೆಯ ಹತ್ತಿ ಸೀರೆ ಇದ್ದರೆ ಕೊಡು ಎಂದಳು. ಹಿಂದಿನ ವಾರವಷ್ಟೇ ಒಂದು ಒಯ್ದಿದ್ದಳು. ಕೇಳಿದ್ದಕ್ಕೆ ಮೊದಲು ಏನೂ ಇಲ್ಲ ಎಂದಳು. ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತಳು. ಹುಳ ಸಣ್ಣದಿದ್ದಾಗ ಶುರುವಾದ ಮುಟ್ಟು ನಿಲ್ಲುತ್ತಲೇ ಇಲ್ಲವಂತೆ. ಮನೆಯಲ್ಲಿ ಹೇಳಿದರೆ ಹೊರಗೆ ಕೂರಿಸುತ್ತಾರೆ, ಹೊರಗೆ ಕೂತರೆ ಹುಳ ಸಾಯುತ್ತವೆ, ಹುಳ ಸತ್ತರೆ ತನ್ನ ತಲೆಗೇ ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡು ಆ ಬೆಳೆಯೆಲ್ಲ ದುಡಿದಿದ್ದಳು. ಕಣ್ಣ ಕೆಳಗಿನ ರೆಪ್ಪೆ ಬೆಳ್ಳಗೆ ಬಿಳಚಿಕೊಂಡಿತ್ತು. ನನಗೆ ಅಯ್ಯೋ ಅನ್ನಿಸುವುದಕ್ಕಿಂತ ಮೊದಲು ಮೈ ಉರಿಯಿತು.

ಅದೇ ವಾರ ಅವರ ಹುಳಕ್ಕೆ ಹಾಲುರೋಗ ಬಿತ್ತು. ತಟ್ಟೆ ತಟ್ಟೆಯ ಹುಳಗಳೇ ಊದಿ, ಒಡೆದು, ನಾರಿದವು. ಬೆಳೆಗೆ ಮುಂಚೆ ಹುಳದ ಮನೆಗೆ ಹೊಡೆಯಬೇಕಾದ ಔಷಧಿಯ ಡಬ್ಬ ಮುಚ್ಚಳವನ್ನೂ ತೆರೆಯದೆ ಅಟ್ಟದ ಮೇಲಿತ್ತು, ಹೊಡೆಯಬೇಕಾಗಿದ್ದವನು ವೇಣುಗೋಪಾಲ. ಅದನ್ನು ಯಾರೂ ಕೇಳಲಿಲ್ಲ. ಯಾರು ಹೊರಗಾಗಿದ್ದು ಒಳಗೆ ಹೋದವರು ಎಂದು ಅಪ್ಪಯ್ಯಣ್ಣನವರು ಪಡಸಾಲೆಯಲ್ಲಿ ಪಂಚಾಯ್ತಿ ಕೂರಿಸಿದರು. ಭಾಗ್ಯಮ್ಮನಿಗೆ ಮುಚ್ಚಿಡುವ ಶಕ್ತಿಯೂ ಉಳಿದಿರಲಿಲ್ಲ. ಒಂದು ತಿಂಗಳಿಂದ ರಕ್ತ ನಿಂತಿಲ್ಲ ಎಂದು ಹೇಳಿಯೇಬಿಟ್ಟಳು. ತಿಂಗಳು ಪೂರ್ತಿ ರಕ್ತ ಹೋದ ಹೆಂಗಸು ಎದುರಿಗೆ ನಿಂತಿದ್ದಳು. ಅಪ್ಪ ಮಗನಿಗೆ ಕೇಳಿಸಿದ್ದು ಹುಳ ಸತ್ತ ಕಾರಣ ಸಿಕ್ಕಿತು ಎನ್ನುವುದಷ್ಟೇ.

ಪರಿಹಾರವನ್ನೂ ಅವರೇ ಕಂಡುಹಿಡಿದರು. ಪೇಟೆಯ ಯಾವುದೋ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಕೈಯಿಟ್ಟು ನೋಡಿದರೋ ಇಲ್ಲವೋ, ಗರ್ಭಕೋಶ ತೆಗೆದುಬಿಟ್ಟರೆ ತಲೆನೋವೇ ಇರುವುದಿಲ್ಲ ಎಂದರಂತೆ. ಅಪ್ಪಯ್ಯಣ್ಣನವರ ಮುಖ ಅರಳಿತು. ಮುಂದಿನ ಬೆಳೆಗೆ ಮೊಟ್ಟೆ ತರುವ ಮುಂಚೆ ಮುಗಿಸಿಬಿಡಬೇಕೆಂದು ದಿನವನ್ನೂ ಗೊತ್ತು ಮಾಡಿ ಬಂದರು. ಜಗಲಿಯಲ್ಲಿ ಕೂತು ಸೊಸೆಗೆ ಬುದ್ಧಿ ಹೇಳಿದ್ದು ನಮ್ಮ ಮನೆಗೂ ಕೇಳಿಸುತ್ತಿತ್ತು.

“ಮಕ್ಕಳು ಆಗೋಗವೆ, ಇನ್ನು ಮಕ್ಕಳಾಗ್ದಂಗೆ ಆಪರೇಷನ್ನೂ ಆಗೈತೆ. ಇನ್ನು ಆ ಚೀಲ ಇಟ್ಕೊಂಡು ಏನ್ ಮಾಡ್ತೀಯಮ್ಮ? ತೆಗೆಸ್ಬಿಟ್ರೆ ಮುಟ್ಟೂ ಇಲ್ಲ, ಮೈಲಿಗೆನೂ ಇಲ್ಲ. ವರ್ಷಪೂರ್ತಿ ಹುಳ ನೋಡ್ಕೊಬೋದು.”

ಹೋರಿಯ ಬೀಜ ಒಡೆಸುವಾಗಲೂ ಜನ ಇದಕ್ಕಿಂತ ಹೆಚ್ಚು ಯೋಚನೆ ಮಾಡುತ್ತಾರೆ. ಅವಳಿಗೆ ಆಗಿನ್ನೂ ಮೂವತ್ತೊಂದು.

ಆಪರೇಷನ್ನಿನ ಹಿಂದಿನ ದಿನ, ಕಿರಿಯ ಮಗುವಿಗೆ ಚುಚ್ಚುಮದ್ದು ಹಾಕಿಸಬೇಕೆಂದು ಭಾಗ್ಯಮ್ಮನಿಂದ ಮನೆಯಲ್ಲಿ ಸುಳ್ಳು ಹೇಳಿಸಿ, ಅವಳನ್ನು ಹೊಸಕೋಟೆಯ ದೊಡ್ಡಾಸ್ಪತ್ರೆಯ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದೆ. ಆಯಮ್ಮ ನಿಧಾನವಾಗಿ ಪರೀಕ್ಷೆ ಮಾಡಿದರು, ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ಅರ್ಧಕ್ಕೆ ಇಳಿದಿದೆ, ಈ ಸ್ಥಿತಿಯಲ್ಲಿ ಟೇಬಲ್ ಮೇಲೆ ಮಲಗಿಸಿದರೆ ಜೀವಕ್ಕೇ ಅಪಾಯ ಎಂದರು. ಗರ್ಭಕೋಶದಲ್ಲಿ ತೆಗೆಯುವಂಥದ್ದು ಏನೂ ಕಾಣುವುದಿಲ್ಲ, ರಕ್ತ ಹೋಗುವುದನ್ನು ಹತೋಟಿಗೆ ತರಲು ಮಾತ್ರೆ, ರಕ್ತ ಏರಲು ಕಬ್ಬಿಣದ ಮಾತ್ರೆ, ಮುಂದಿನ ತಿಂಗಳು ಮತ್ತೆ ಬಂದು ತೋರಿಸು ಎಂದರು. ಇಷ್ಟು ಹೋಗುವವರೆಗೆ ಯಾಕೆ ಬರಲಿಲ್ಲ ಎಂದು ಕೇಳಿದಾಗ ಭಾಗ್ಯಮ್ಮ, ಹುಳ ಇದ್ದವು ಎಂದಳು.

ಬಸ್ಸಿನಲ್ಲಿ ಅವಳು ಮಾತ್ರೆಯ ಚೀಟಿಯನ್ನು ಮಡಿಚಿ ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೆದರಿದ್ದಾಳೆ ಎಂದುಕೊಂಡೆ. ನಾಳೆ ಅವಳು ಅವರ ಹಿಂದೆ ತಲೆ ತಗ್ಗಿಸಿ ಹೊರಟುಬಿಟ್ಟರೆ ನಾನು ತಡೆಯುವುದು ಹೇಗೆ ಎಂದು ನನಗೂ ಹೆದರಿಕೆ.

ಸಂಜೆ ಜಗಲಿಯ ಮೇಲೆ ಅಪ್ಪಯ್ಯಣ್ಣನವರು ಎಲೆಅಡಿಕೆ ಹಾಕಿಕೊಂಡು, ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು ಹಿಡಿಯಬೇಕೆಂದು ಮಗನಿಗೆ ಹೇಳುತ್ತಿದ್ದರು. ಭಾಗ್ಯಮ್ಮ ಅವರ ಮುಂದೆ ಹೋಗಿ ನಿಂತಳು. ಮಾವನ ಎದುರು ಅವಳು ಹಾಗೆ ತಲೆಯೆತ್ತಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಅವರು ಪಿಚಕ್ಕನೆ ಉಗಿದು, ಹಾಗಾದರೆ ಹುಳದ ಮನೆಯ ಗತಿ ಏನು ಎಂದು ಕೇಳಿದರು.

“ತೆಗೆಸ್ಲೇಬೇಕು ಅಂದ್ರೆ ಹುಳದ ಮನೆ ತೆಗೆಸಿ ಮಾವ,” ಎಂದಳು. “ಅದು ನಿಮ್ದು. ಇದು ನಂದು.”

ಅಪ್ಪಯ್ಯಣ್ಣನವರು ಮಗನ ಮುಖ ನೋಡಿದರು. ಮಗ ಬೀಡಿ ಹುಡುಕಿಕೊಂಡ. ತವರಿಗೆ ಅಟ್ಟುತ್ತೇನೆ ಎನ್ನಲು ಇಬ್ಬರಿಗೂ ಧೈರ್ಯವಿರಲಿಲ್ಲ, ಏಕೆಂದರೆ ಹುಳಕ್ಕೆ ಸೊಪ್ಪು ಎಷ್ಟು ಸಣ್ಣಗೆ ಕತ್ತರಿಸಬೇಕು ಎನ್ನುವುದೇ ಆ ಇಬ್ಬರು ರೇಷ್ಮೆ ಪಂಡಿತರಿಗೆ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಬ್ಯಾಗು ಹಿಡಿದು ಬಸ್ಸಿಗೆ ಯಾರೂ ಹೊರಡಲಿಲ್ಲ. ಭಾಗ್ಯಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಬಿಸಿಲೇರುವವರೆಗೂ ಮಲಗಿದ್ದಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅದೇ ಮೊದಲು.