ಬಂದು ನಿಲ್ಲುವ ಕೆಲಸ

ಅವರ ಕೈ ದಪ್ಪ, ಸದಾ ಬೆಚ್ಚಗೆ. ಯಾವಾಗಲೋ ಟ್ರ್ಯಾಕ್ಟರಿನ ಕ್ಯಾಬಿನ್ ಬಾಗಿಲಿಗೆ ಸಿಕ್ಕಿದ ಹೆಬ್ಬೆರಳಿನ ಉಗುರು ಕಪ್ಪಾಗಿಯೇ ಉಳಿದಿತ್ತು. ಕೈ ಕುಲುಕಿದರೆ ಎರಡೂ ಕೈಯಲ್ಲಿ ಹಿಡಿದು, ನಾವು ಬಿಡುವ ತನಕ ಬಿಡುತ್ತಿರಲಿಲ್ಲ. ಐರ್ಲೆಂಡಿನಲ್ಲಿ ನಾವಿರುವ ಊರಿನ ಶಾಸಕರು ಅವರು.

ಬೆಳಿಗ್ಗೆ ಇಲ್ಲಿನ ಸ್ಥಳೀಯ ರೇಡಿಯೋದಲ್ಲಿ ಸತ್ತವರ ಹೆಸರು ಓದುತ್ತಾರಲ್ಲ, ಅದನ್ನು ಕೇಳಿಯೇ ಅವರು ಆ ದಿನ ಎಲ್ಲೆಲ್ಲಿಗೆ ಹೋಗಬೇಕೆಂದು ಗೊತ್ತುಮಾಡಿಕೊಳ್ಳುತ್ತಿದ್ದದ್ದು. ಯಾವ ಪಕ್ಷದವರ ಮನೆಯಾದರೂ ಸರಿ, ಸಾವಾದರೆ ಹಾಜರ್. ಮೈಸೂರಿನಿಂದ ನಮ್ಮನ್ನು ನೋಡಲು ಬಂದಿದ್ದ ಅಪ್ಪ ಇಲ್ಲೇ ತೀರಿಕೊಂಡಾಗ ನಮಗಿನ್ನೂ ಓಟೇ ಇರಲಿಲ್ಲ. ಆದರೂ ಬಂದರು. ಬಾಗಿಲಲ್ಲಿ ಚಪ್ಪಲಿಗಳ ಸಾಲು ನೋಡಿ ತಾವೂ ಬೂಟು ಬಿಚ್ಚಿದರು. ಕಾಲುಚೀಲದಲ್ಲಿ ತೂತಿತ್ತು.

ಓಟೂ ಇಲ್ಲದ ನಮಗೋಸ್ಕರ ಯಾಕೆ ಬಂದಿರಿ ಎಂದೆ.

"ಬಂದು ನಿಲ್ಲೋದೇ ನನ್ನ ಕೆಲಸ. ಬಾಕಿದ್ದೆಲ್ಲ ಬರೀ ಮಾತು," ಎಂದರು ಇಂಗ್ಲಿಷಿನಲ್ಲಿ.

"ಇವ್ರು ನಮ್ಮೋರೇ ರೀ," ಎಂದು ನನ್ನ ಹೆಂಡತಿ ಅಂದೇ ತೀರ್ಮಾನಿಸಿದಳು. ಪೌರತ್ವ ಬಂದ ಮೇಲೆ ನಮ್ಮ ಮೊದಲ ಓಟು ಅವರಿಗೇ. ಅವಳಂತೂ ಮಳೆಯಲ್ಲಿ ಮನೆಮನೆಗೆ ಅವರ ಕರಪತ್ರ ಹಂಚಿದಳು.

ಮತ್ತೆ ಗೆದ್ದರು. ಸರ್ಕಾರದ ಖಜಾನೆ ನೋಡಿಕೊಳ್ಳುವ ಮಂತ್ರಿಯೂ ಆದರು. ಇನ್ನು ನಮಗೇನು ಕಮ್ಮಿ ಎಂದು ಊರೆಲ್ಲ ಕುಣಿಯಿತು. "ಬಜೆಟ್ಟಿನಲ್ಲಿ ಜಾಗ ಇಲ್ಲ" ಎಂಬುದನ್ನು ಅವರು ಟೀವಿಯಲ್ಲಿ ಎಷ್ಟು ನಯವಾಗಿ ಹೇಳುತ್ತಿದ್ದರೆಂದರೆ, ಕೇಳಿದವರು ಥ್ಯಾಂಕ್ಸ್ ಹೇಳಬೇಕು ಹಾಗೆ. ಸಾವಿನ ಮನೆಗಳಲ್ಲಿ ಅವರು ಕಾಣುವುದು ಕಮ್ಮಿಯಾಯಿತು; ಬೆಳಗಿನ ರೇಡಿಯೋ ರಾಜಧಾನಿ ಡಬ್ಲಿನ್ನಿನ ಕಚೇರಿಗೆ ಕೇಳಿಸುತ್ತಿರಲಿಲ್ಲವೇನೋ.

ಕೋವಿಡ್ ಬಂತು. ನನ್ನ ಹೆಂಡತಿ ಇದ್ದದ್ದು ವೃದ್ಧರ ನರ್ಸಿಂಗ್ ಹೋಮಿನಲ್ಲಿ, ಆರೈಕೆಯ ಕೆಲಸ. ಅಲ್ಲಿ ಮಾಸ್ಕ್ ಇಲ್ಲ, ಗೌನ್ ಇಲ್ಲ. ಹಳೇ ಕಾಟನ್ ಸೀರೆ ಕತ್ತರಿಸಿ ಎಲ್ಲರಿಗೂ ಮಾಸ್ಕ್ ಹೊಲಿದಳು. ಕೊನೆಗೆ ಮಂತ್ರಿಗಳಿಗೇ ಫೋನ್ ಮಾಡಿದಳು. "ಗೊತ್ತಮ್ಮಾ, ಪರಿಶೀಲನೆಯಲ್ಲಿದೆ. ಎಲ್ಲ ಗ್ರ್ಯಾಂಡ್ ಆಗುತ್ತೆ," ಎಂದರಂತೆ. ಇಲ್ಲಿನವರ ಬಾಯಲ್ಲಿ ಗ್ರ್ಯಾಂಡ್ ಎಂದರೆ ಸರಿಹೋಗುತ್ತೆ ಎಂದಷ್ಟೇ. ನಾನು ಗೊಣಗಿದ್ದಕ್ಕೆ, "ಅವ್ರು ಮಾಡ್ತಾರೆ, ಸುಮ್ನಿರಿ ನೀವು," ಎಂದು ನನ್ನನ್ನೇ ಗದರಿದಳು.

ಮಾಸ್ಕಿನ ಡಬ್ಬಗಳು ಬಂದವು, ಅವಳು ವೆಂಟಿಲೇಟರಿಗೆ ಹೋದ ಮೇಲೆ. ಅವಳು ವಾಪಸ್ ಬರಲಿಲ್ಲ.

ಅಂತ್ಯಕ್ರಿಯೆಗೆ ಹತ್ತೇ ಜನ ಎಂಬ ನಿಯಮ. ಅದಕ್ಕೇ ಊರವರು ರಸ್ತೆಯ ಎರಡೂ ಬದಿ ಅಂತರ ಬಿಟ್ಟು ನಿಂತಿದ್ದರು. ಅಂಚೆಯವನಿದ್ದ, ಅಂಗಡಿಯಾಕೆ ಇದ್ದಳು, ಮುಖ ಪರಿಚಯವೂ ಇಲ್ಲದವರಿದ್ದರು. ಕಾರಿನ ಕಿಟಕಿಯಿಂದ ನಾನು ಒಬ್ಬರನ್ನೇ ಹುಡುಕಿದೆ. ಅವರ ಮನೆ ಅದೇ ರಸ್ತೆಯಲ್ಲಿ. ಅವತ್ತು ಶನಿವಾರ, ಅವರ ಕಾರು ಅಂಗಳದಲ್ಲೇ ನಿಂತಿತ್ತು. ಬಾಗಿಲು ತೆಗೆದು ಗೇಟಿನ ತನಕ ಬಂದಿದ್ದರೆ ಸಾಕಿತ್ತು. ಆ ಸಿಟ್ಟು ಇವತ್ತಿಗೂ ನನ್ನ ಹೊಟ್ಟೆಯಲ್ಲಿದೆ. ಆಮೇಲೆ ಅವರ ಕಚೇರಿಯಿಂದ ಅಚ್ಚು ಹಾಕಿಸಿದ ಸಂತಾಪದ ಕಾರ್ಡೊಂದು ಬಂತು. ಹರಿದು ಬಿಸಾಕಿದೆ.

ಮುಂದಿನ ಚಳಿಗಾಲದಲ್ಲಿ ಅವರೇ ಹೋದರು, ಹೃದಯಾಘಾತ. ಸಾವಿನ ಮನೆಗಳಿಗೆ ಹೋಗಿ ಹೋಗಿಯೇ ಮೇಲೆ ಬಂದ ಮನುಷ್ಯನಿಗೂ ಚರ್ಚಿನೊಳಗೆ ಹತ್ತೇ ಜನ. ನಾನು ಕೋಟು ಹಾಕಿಕೊಳ್ಳುತ್ತಿದ್ದರೆ ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಹಿ ಡಿಡಂಟ್ ಕಮ್ ಫಾರ್ ಅಮ್ಮ."

"ತಾತಂಗೆ ಬಂದಿದ್ರು, ಪುಟ್ಟಿ," ಎಂದೆ.

ರಸ್ತೆಯಂಚಿಗೆ ಹೋಗಿ ನಿಂತೆ. ಶವದ ಕಾರು ನಿಧಾನಕ್ಕೆ ಬಂತು. ಸಾಲಿನಲ್ಲಿದ್ದವರೆಲ್ಲ ಕೊನೆಯ ಗೌರವಕ್ಕೆಂದು ಚಪ್ಪಾಳೆ ತಟ್ಟಿದರು. ನಾನು ಜೇಬಿನಿಂದ ಕೈ ತೆಗೆಯಲಿಲ್ಲ.