ಎರಡನೆಯ ಸಲ ಕೇಳದ ಜನ

ಅಮೆರಿಕದ ಷಾರ್ಲೆಟ್ಟಿನ ಆ ಚರ್ಚಿನ ಅಡುಗೆಮನೆಯನ್ನು ನಮ್ಮ ಮನೆತನದಲ್ಲಿ ಮೊದಲು ಕಂಡವಳು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಕಾಫಿ ಕಾಯಿಸುವ ಆ ಹಂಡೆಯಂಥ ಪಾತ್ರೆಯ ನಲ್ಲಿಯನ್ನು ಎಷ್ಟು ತಿರುಗಿಸಿದರೆ ಸೋರುವುದಿಲ್ಲ, ಬೆಳ್ಳಿಯ ತಟ್ಟೆಗಳು ಯಾವ ಬೀರುವಿನಲ್ಲಿವೆ, ಮದುವೆಗೆ ಹಾಸುವ ಮೇಜುಬಟ್ಟೆ ಯಾವುದು, ಮಣ್ಣು ಮಾಡಿದ ದಿನ ಹಾಸುವುದು ಯಾವುದು, ಇಷ್ಟನ್ನೂ ನನ್ನ ಓರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ, ಕೈಹಿಡಿದು ಕಲಿಸಿದವಳು ನಾನು. ಕಲಿಸಿದ್ದೇ ತಪ್ಪಾಯಿತು ಎಂದು ಎಷ್ಟೋ ಸಲ ಹಲ್ಲು ಕಡಿದಿದ್ದೇನೆ.

ನಾವು ಮೈಸೂರಿನ ಪ್ರಾಟೆಸ್ಟಂಟರು. ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಗಂಡನಿಗೆ ಷಾರ್ಲೆಟ್ಟಿನ ಒಂದು ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅಲ್ಲಿದ್ದ ಕನ್ನಡದವರು ವಾರದ ಕೊನೆಗೆ ಒಬ್ಬರ ಮನೆಯಲ್ಲಿ ಸೇರಿ ಸತ್ಯನಾರಾಯಣ ಪೂಜೆ ಮಾಡಿಕೊಳ್ಳುತ್ತಿದ್ದರು; ನಮ್ಮನ್ನೂ ಊಟಕ್ಕೆ ಕರೆಯುತ್ತಿದ್ದರು. ಭಾನುವಾರ ಬೆಳಿಗ್ಗೆ ಮಾತ್ರ ನಾವು ಅಪಾರ್ಟ್‌ಮೆಂಟಿಗೆ ಹತ್ತಿರವಿದ್ದ ಕೆಂಪು ಇಟ್ಟಿಗೆಯ ಪ್ರೆಸ್ಬಿಟೇರಿಯನ್ ಚರ್ಚಿಗೆ ಹೋದೆವು. ಅಂದು ಸಂಜೆಯೇ ಹೊಸಬರನ್ನು ಸ್ವಾಗತಿಸುವ ಕಮಿಟಿಯ ಇಬ್ಬರು ಹೆಂಗಸರು ಪೀಕನ್ ಪೈ ಎಂಬ ಸಿಹಿತಿಂಡಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅದಕ್ಕೂ ಒಂದು ಕಮಿಟಿ ಇದೆ ಎಂದು ಗೊತ್ತಾದದ್ದು ಆಮೇಲೆ.

ಮೈಸೂರಿನ ನಮ್ಮ ಚರ್ಚಿನ ಸಭೆಯಲ್ಲಿ ಅಯ್ಯನವರು, ಅಂದರೆ ಪಾದ್ರಿಗಳು, ಹೇಳಿದ್ದೇ ಹೇಳಿದ್ದು. ಅವರ ಎಡಬಲಕ್ಕೆ ಒಂದಿಬ್ಬರು ಹಿರಿಯರು. ಉಳಿದವರ ಕೆಲಸ ಹಾಡುವುದು, ಕಾಣಿಕೆ ಹಾಕುವುದು, ಹೊರಗೆ ಬಂದು ಆಡಿಕೊಳ್ಳುವುದು. ಇಲ್ಲಿ ಎಲ್ಲಕ್ಕೂ ಕಮಿಟಿ. ಹೂವಿಗೊಂದು, ಹಾಡಿಗೊಂದು, ಕಟ್ಟಡಕ್ಕೊಂದು, ಎಳೆಮಕ್ಕಳನ್ನು ನೋಡಿಕೊಳ್ಳಲೊಂದು. ಪಾದ್ರಿಗೆ ತನ್ನ ಕೋಣೆಯ ಪರದೆ ಬದಲಾಯಿಸಬೇಕೆಂದರೂ ಕಟ್ಟಡದ ಕಮಿಟಿಯ ಮುಂದೆ ಕೈಕಟ್ಟಿ ನಿಲ್ಲಬೇಕು. ಕಾರ್ಪೆಟ್ಟಿನ ಬಣ್ಣ ಕೆಂಪೋ ನೀಲಿಯೋ ಎಂದು ಒಂದು ಚಳಿಗಾಲವಿಡೀ ಚರ್ಚಿಸಿದರು. ಪ್ರತಿ ಸಲವೂ ಪ್ರಾರ್ಥಿಸಿ ಕೂರುವುದು, ನಯವಾಗಿ ಜಗಳವಾಡುವುದು, ಮತ್ತೆ ಪ್ರಾರ್ಥಿಸಿ ಏಳುವುದು. ದೇವರಿಗೆ ಬೇರೆ ಕೆಲಸವಿಲ್ಲವೇ ಎಂದು ನಾನು ಮನೆಗೆ ಬಂದು ನಗುತ್ತಿದ್ದೆ.

ನಗುತ್ತಲೇ ಒಳಗೆ ಸೇರಿಕೊಂಡೆ. ಸಭೆಯಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದವರಿಗೆಲ್ಲ ಊಟಕ್ಕಿಡುವ ಹೆಂಗಸರ ಗುಂಪೊಂದಿತ್ತು. ಅದರ ಮುಖ್ಯಸ್ಥೆ ಮುತ್ತಿನ ಸರದ ಒಬ್ಬ ಅಜ್ಜಿ. ಪಾತ್ರೆ ತೊಳೆಯುವಾಗಲೂ ಆ ಸರ ತೆಗೆಯುತ್ತಿರಲಿಲ್ಲ. ಬ್ರೆಡ್ಡಿನ ಅಂಚು ಕತ್ತರಿಸಿ ಚೀಸ್ ಸ್ಯಾಂಡ್‌ವಿಚ್ ಮಾಡುವುದು, ಬೇಯಿಸಿದ ಮೊಟ್ಟೆಯ ಹಳದಿಗೆ ಸಾಸಿವೆ ಕಲಸಿ ಮತ್ತೆ ಅದರ ಹೊಟ್ಟೆಗೇ ತುಂಬುವುದು, ಮನೆಗಳಿಂದ ಬಂದ ಗಾಜಿನ ಪಾತ್ರೆಗಳ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆಯುವುದು, ಎಲ್ಲವನ್ನೂ ಅವರು ಮಾಡುವ ಹಾಗೆಯೇ ಕಲಿತೆ. ನಮ್ಮ ಅಡುಗೆಯ ಸುದ್ದಿಯನ್ನೇ ಎತ್ತಲಿಲ್ಲ. ಒಗ್ಗರಣೆ ವಾಸನೆಗೆ ಮೂಗು ಮುರಿದಾರು ಎಂಬ ಭಯ.

ನನಗೆ ಬೇಕಾಗಿದ್ದದ್ದು ಅಡುಗೆಮನೆಯಲ್ಲ. ಅಲ್ಲಿ ಡೀಕನ್ ಎನ್ನುತ್ತಾರೆ, ನಮ್ಮ ಕಡೆಯ ಮಾತಿನಲ್ಲಿ ಸಭಾಸೇವಕರು. ಪ್ರತಿಯೊಬ್ಬ ಡೀಕನ್‌ಗೂ ಸಭೆಯ ಕೆಲವು ಮನೆಗಳನ್ನು ವಹಿಸಿಕೊಡುತ್ತಾರೆ. ಕಾಯಿಲೆ, ಹೆರಿಗೆ, ಸಾವು, ಆ ಮನೆಗೆ ಏನೇ ಬಂದರೂ ಮೊದಲು ಹೋಗಿ ಬಾಗಿಲು ತಟ್ಟುವವರು ಅವರು. ಹೊಸದಾಗಿ ಆಯ್ಕೆಯಾದವರು ಒಂದು ಭಾನುವಾರ ಎಲ್ಲರೆದುರು ಮೊಣಕಾಲೂರುತ್ತಾರೆ. ಹಿಂದೆ ಹೀಗೆ ನೇಮಕವಾದವರೆಲ್ಲ ಎದ್ದು ಬಂದು ಅವರ ತಲೆಯ ಮೇಲೆ ಕೈಯಿಡುತ್ತಾರೆ. ನಾನು ಮೊದಲ ಸಲ ಅದನ್ನು ನೋಡಿದಾಗ ಮೊಣಕಾಲೂರಿದವರಲ್ಲಿ ಹೆಂಗಸರೂ ಇದ್ದರು. ನನ್ನ ಅಮ್ಮ ಮದುವೆಯಾಗಿ ಬಂದಾಗಿನಿಂದ ಸಾಯುವವರೆಗೂ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿನ ಬಟ್ಟೆಯನ್ನು ಮನೆಗೆ ತಂದು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಒಂದು ಸಲವೂ ಅವಳನ್ನು ಮುಂದಕ್ಕೆ ಕರೆಯಲಿಲ್ಲ. ನನ್ನನ್ನು ಕರೆಯಬೇಕು, ನನ್ನ ತಲೆಯ ಮೇಲೆ ಆ ಕೈಗಳು ಬಂದು ಕೂರಬೇಕು ಎಂದು ಅಂದೇ ಅನ್ನಿಸಿತು. ಅಮೆರಿಕದಲ್ಲಿ ನಾನು ಆಸೆಪಟ್ಟದ್ದು ಅದೊಂದಕ್ಕೆ. ಗ್ರೀನ್ ಕಾರ್ಡಿಗೆ ಆಸೆಪಟ್ಟವರು ನನ್ನ ಗಂಡ.

ಅಷ್ಟರಲ್ಲಿ ಮೈದುನನಿಗೆ ಅಟ್ಲಾಂಟಾದಿಂದ ಷಾರ್ಲೆಟ್ಟಿಗೆ ವರ್ಗವಾಯಿತು, ಓರಗಿತ್ತಿಯೂ ಬಂದಳು. ನನಗಿಂತ ಚಿಕ್ಕವಳು, ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ನಾನು ವರ್ಷಗಟ್ಟಲೆ ಮಿಸೆಸ್ ಎಂದು ಕರೆಯುತ್ತಿದ್ದ ಅಜ್ಜಿಯನ್ನು ಅವಳು ಬಂದ ತಿಂಗಳೊಳಗೆ ಹೆಸರು ಹಿಡಿದೇ ಕರೆದಳು. ಅಜ್ಜಿ ಅವಳ ಕೆನ್ನೆ ತಟ್ಟಿದರು. ಬುಧವಾರ ಸಂಜೆ ಚರ್ಚಿನಲ್ಲಿ ಎಲ್ಲರೂ ಸೇರಿ ಊಟ ಮಾಡುವ ರೂಢಿ. ನಾನು ಅವರ ಹಾಗೆಯೇ ಮಾಡಿದ ಚಿಕನ್ ಕ್ಯಾಸರೋಲ್ ತಂದಿದ್ದೆ. ಅವಳು ಧಾರಾಳವಾಗಿ ಕಡಲೆಬೇಳೆ, ಕರಿಬೇವು ಹಾಕಿ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಕಲಸಿ ತಂದಳು. ಅವಳ ಪಾತ್ರೆ ಬಳಿದಿಟ್ಟಂತೆ ಖಾಲಿಯಾಯಿತು. ನನ್ನದನ್ನು ನಾವೇ ಮನೆಗೆ ತಂದು ಶುಕ್ರವಾರದವರೆಗೆ ತಿಂದೆವು. ಹೊಟ್ಟೆ ಉರಿಯದೆ ಏನು ಮಾಡುತ್ತದೆ? ಚಿತ್ರಾನ್ನ ನನಗೆ ಬರುತ್ತಿರಲಿಲ್ಲವೇ? ಅವಳಿಗೆ ಒಗ್ಗರಣೆಯ ಹದ ತೋರಿಸಿಕೊಟ್ಟವಳೂ ನಾನೇ.

ಆ ಶರತ್ಕಾಲದಲ್ಲಿ ಮುತ್ತಿನ ಸರದ ಅಜ್ಜಿ ಮತ್ತು ನಿವೃತ್ತರಾದ ಒಬ್ಬ ಎತ್ತರದ ಯಜಮಾನರು ನಮ್ಮ ಮನೆಗೆ ಬಂದರು. ಹೊಸ ಡೀಕನ್‌ಗಳ ಹೆಸರು ಸೂಚಿಸುವುದಕ್ಕೂ ಒಂದು ಕಮಿಟಿ ಇತ್ತು, ಇವರಿಬ್ಬರೂ ಅದರಲ್ಲಿದ್ದರು. ಬಂದ ಕಾರಣ ನನಗೆ ಬಾಗಿಲಲ್ಲೇ ಗೊತ್ತಾಯಿತು. ಕಾಫಿ ಕೊಟ್ಟೆ, ಕೋಡುಬಳೆ ಇಟ್ಟೆ. ನೀವು ಡೀಕನ್ ಆಗುತ್ತೀರಾ, ಬಹಳ ಪ್ರಾರ್ಥಿಸಿ ನಿಮ್ಮ ಹೆಸರನ್ನು ಆರಿಸಿದ್ದೇವೆ ಎಂದು ಅಜ್ಜಿ ಕೇಳಿದರು. ಕೇಳಿದ ತಕ್ಷಣ ಹೂಂ ಎನ್ನುವಷ್ಟು ನಾಚಿಕೆಗೆಟ್ಟವಳೇ ನಾನು? ನಮ್ಮ ಕಡೆ ಪಾಯಸವನ್ನು ಎರಡನೆಯ ಸಲ ಬಡಿಸಿಕೊಳ್ಳುವಾಗಲೂ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಬಡಿಸುವವರು ಆ ಕೈಯನ್ನು ಸರಿಸಿ ಬಡಿಸಬೇಕು. ಅದು ಇಬ್ಬರಿಗೂ ಮರ್ಯಾದೆ. ಹಾಗಾಗಿ ತಲೆ ತಗ್ಗಿಸಿ, ನಾನೆಲ್ಲಿ, ಆ ಸೇವೆಯೆಲ್ಲಿ, ನನಗಿಂತ ಯೋಗ್ಯರು ಎಷ್ಟೋ ಜನರಿದ್ದಾರೆ, ಬೇಡ ಎಂದೆ. ಎಂದು, ಅವರು ಎರಡನೆಯ ಸಲ ಕೇಳಲೆಂದು ಕಾದು ಕುಳಿತೆ.

ಅಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ನೇರವಾಗಿ ಹೇಳಿದ್ದಕ್ಕೆ ಧನ್ಯವಾದ, ನಿಮ್ಮ ತೀರ್ಮಾನವನ್ನು ಗೌರವಿಸುತ್ತೇವೆ ಎಂದರು. ಯಜಮಾನರು ಚಿಕ್ಕದಾಗಿ ಪ್ರಾರ್ಥಿಸಿದರು. ಕೋಡುಬಳೆ ತುಂಬ ಚೆನ್ನಾಗಿತ್ತು ಎಂದು ಹೊಗಳಿ, ಇಬ್ಬರೂ ಕಾರು ಹತ್ತಿ ಹೋಗಿಬಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ.

"ನೀನೇ ಬೇಡ ಅಂದ್ಯಲ್ಲ" ಎಂದರು ನನ್ನ ಗಂಡ, ಟಿವಿಯಿಂದ ಕಣ್ಣು ತೆಗೆಯದೆ.

"ಬೇಡ ಅಂದ್ರೆ ಬೇಡ ಅಂತಾನೇನ್ರೀ? ಇನ್ನೊಂದ್ಸಲ ಕೇಳಕ್ಕೆ ಅವರಿಗೇನಾಗಿತ್ತು?"

"ಅವರಿಗೆ ಹೆಂಗೆ ಗೊತ್ತಾಗತ್ತೆ? ಕಾಲ್ ಮಾಡಿ ಹೇಳ್ಬಿಡು, ಇಂಟರೆಸ್ಟ್ ಇದೆ ಅಂತ."

"ನಾನಾಗೇ ಫೋನ್ ಮಾಡಿ ಬೇಡ್ಕೊಳ್ಳಾ? ಸಾಯ್ತೀನಿ ಬೇಕಾದ್ರೆ."

ಸಾಯಲಿಲ್ಲ, ಫೋನೂ ಮಾಡಲಿಲ್ಲ. ಫೋನು ರಿಂಗಾದಾಗಲೆಲ್ಲ ಓಡಿಹೋಗಿ ಎತ್ತುತ್ತಿದ್ದೆ. ಕೆಲವು ವಾರಗಳಾದ ಮೇಲೆ ಆರಾಧನೆ ಮುಗಿದು ಹೊಸ ಡೀಕನ್‌ಗಳ ಹೆಸರನ್ನು ಸಭೆಯ ಮುಂದೆ ಓದಿದರು. ಅದರಲ್ಲಿ ನನ್ನ ಓರಗಿತ್ತಿಯ ಹೆಸರಿತ್ತು. ಅವಳನ್ನು ಕೇಳಿದ್ದರಂತೆ, ಕೇಳಿದ ಕೂಡಲೇ ಆಗಲಿ ಎಂದಳಂತೆ. ಜನ ತಿರುಗಿ ನನ್ನತ್ತ ನೋಡಿ ನಕ್ಕರು, ನಿಮ್ಮ ತಂಗಿ ಎಷ್ಟು ಒಳ್ಳೆಯವಳು ಎಂಬ ಹಾಗೆ. ನಾನೂ ಹಲ್ಲು ಕಿರಿದೆ. ಕಾರು ಹತ್ತುವವರೆಗೆ ಹಾಗೆಯೇ ಇದ್ದೆ, ಹತ್ತಿದ ಮೇಲೆ ಅತ್ತೆ.

ಕೈಯಿಡುವ ಭಾನುವಾರಕ್ಕೆ ಅವಳು ನನ್ನ ಹಸಿರು ಮೈಸೂರು ಸಿಲ್ಕ್ ಸೀರೆಯನ್ನು ಕೇಳಿದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ, ಕೊಟ್ಟೆ. ಅವಳು ಮುಂದೆ ಹೋಗಿ ಮೊಣಕಾಲೂರಿದಾಗ ಹಿಂದಿನಿಂದ ನೋಡಿದರೆ ಥೇಟ್ ನಾನೇ. ಹಳೆಯ ಡೀಕನ್‌ಗಳು, ಹಿರಿಯರು ಎಲ್ಲ ಎದ್ದು ಹೋದರು. ನನ್ನ ಸಾಲು ಅರ್ಧ ಖಾಲಿಯಾಯಿತು. ನೇಮಕವಾಗದವರು ಕುಳಿತೇ ಇರಬೇಕು. ಅಷ್ಟು ಕೈಗಳೂ ಅವಳ ತಲೆಯನ್ನು, ಹೆಗಲನ್ನು, ನನ್ನ ಸೀರೆಯ ಸೆರಗನ್ನು ಮುಚ್ಚಿಕೊಂಡವು. ಯಾಕೆ ಸುಳ್ಳು ಹೇಳಲಿ, ಅವಳು ಎದ್ದು ನಿಲ್ಲುವಾಗ ಸೀರೆ ತೊಡರಿ ಮುಗ್ಗರಿಸಲಿ ಎಂದು ಬಯಸಿದೆ. ಅವಳು ಚೆನ್ನಾಗಿಯೇ ಎದ್ದಳು.

ಮುಂದಿನ ಬೇಸಿಗೆಯಲ್ಲಿ ನನ್ನ ಗಾಲ್‌ಬ್ಲಾಡರ್ ಆಪರೇಷನ್ ಆಯಿತು. ಮನೆಗೆ ಬಂದ ಮರುದಿನವೇ ಬಾಗಿಲು ತಟ್ಟಿದವಳು ಓರಗಿತ್ತಿ. ನಮ್ಮ ಮನೆಯನ್ನು ಅವಳಿಗೇ ವಹಿಸಿದ್ದರು! ಕೈಯಲ್ಲಿ ಚರ್ಚಿನವರು ಮಾಡಿ ಕಳಿಸಿದ ಊಟ, ಪಾತ್ರೆಯ ತಳದಲ್ಲಿ ಇನ್ಯಾರದೋ ಹೆಸರು.

"ಓರಗಿತ್ತಿಯಾಗಿ ಬಂದ್ಯೋ, ಕಮಿಟಿಯಿಂದ ಬಂದ್ಯೋ?" ಎಂದೆ, ಮಲಗಿದ್ದಲ್ಲಿಂದಲೇ.

"ಎರಡೂ ಅಂದ್ಕೊಳ್ಳಿ ಅಕ್ಕ" ಎಂದು ನಕ್ಕಳು. ದಿಂಬು ಸರಿಮಾಡಿದಳು, ನೀರು ಕೊಟ್ಟಳು, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದಳು. ಎಲ್ಲವನ್ನೂ ಚೆನ್ನಾಗಿ ಮಾಡಿದಳು, ಅದನ್ನೇ ನನಗೆ ಸಹಿಸಲಾಗಲಿಲ್ಲ. ನೋವು, ಮಾತ್ರೆಯ ಮಂಪರು ಎರಡೂ ಸೇರಿ ಬಾಯಿ ಸಡಿಲವಾಯಿತು.

"ನಿನ್ನ ಆ ಮುತ್ತಿನ ಸರದ ಅಜ್ಜಿ ಇನ್ನೊಂದು ಸಲ ಕೇಳಿದ್ರೆ ಅವರ ಗಂಟೇನು ಹೋಗ್ತಿತ್ತು? ಒಂದೇ ಒಂದು ಸಲ ಕೇಳಿದ್ರೆ ಸಾಕಿತ್ತು."

ಅವಳು ಕುರ್ಚಿ ಎಳೆದುಕೊಂಡು ಕೂತಳು.

"ಕೇಳಿದ್ರು ಅಕ್ಕ. ನನ್ನ ಕೇಳಿದ್ರು. ನಿಮ್ಮನೆಯಿಂದ ಹೋದ ಮಾರನೇ ದಿನ ಕಾಲ್ ಮಾಡಿದ್ರು. ಅವರಿಗೆ ರಿಯಲಿ ಇಷ್ಟ ಇಲ್ವಾ, ಇನ್ನೊಂದ್ಸಲ ಹೋಗಿ ಕೇಳೋಣ್ವಾ, ನಿಮ್ಮ ಜನದ್ದು ನಿನಗೆ ಗೊತ್ತಿರತ್ತೆ ಅಂತ."

"ನೀನೇನಂದೆ?"

"ಬೇಡ ಅಂದಿದ್ರೆ ಬೇಡಾನೇ, ಮತ್ತೆ ಕೇಳಿದ್ರೆ ಬೇಜಾರು ಮಾಡ್ಕೋತಾರೆ ಅಂದೆ."

ಹೊಟ್ಟೆಯ ಹೊಲಿಗೆ ಎಳೆಯಿತು. "ನಿಂಗೆ ಗೊತ್ತಿರ್ಲಿಲ್ವಾ? ನಮ್ಮಲ್ಲಿ ಮೊದಲು ಹಾಗೇ ಅಂತಾರೆ ಅಂತ?"

"ಗೊತ್ತಿತ್ತು" ಎಂದಳು. ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಗೊತ್ತಿತ್ತು ಅಕ್ಕ. ನಂಗೂ ಬೇಕಿತ್ತು. ಮದ್ವೆಯಾಗಿ ಬಂದಾಗಿಂದ ಎಲ್ಲಾದಕ್ಕೂ ನೀವೇ ಮೊದ್ಲು. ಅತ್ತೆ ಬೀರು ಕೀ ಕೊಟ್ಟಿದ್ದು ನಿಮಗೆ, ಮಾತು ಕೇಳ್ತಿದ್ದಿದ್ದು ನಿಮ್ದು. ಇಲ್ಲಿಗೆ ಬಂದ್ರೂ ಅಷ್ಟೇ, ಪ್ಲೇಟ್ ಎಲ್ಲಿದೆ, ಕ್ಲಾತ್ ಎಲ್ಲಿದೆ ಎಲ್ಲಾ ನಿಮಗೇ ಗೊತ್ತು. ಒಂದಾದ್ರೂ ನಂಗೆ ಮೊದಲು ಸಿಗ್ಲಿ ಅನ್ನಿಸ್ತು."

"ಎದ್ದು ಹೋಗು" ಎಂದೆ. ಕೈಗೆ ಏನಾದರೂ ಸಿಕ್ಕಿದ್ದರೆ ಎಸೆಯುತ್ತಿದ್ದೆ. ಅವಳು ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಊಟ ಬಿಸಿ ಮಾಡಿ ತಂದಳು. ಹಸಿವಾಗಿತ್ತು, ತಿಂದೆ. ತಿನ್ನುತ್ತ ಒಂದು ವಿಚಿತ್ರ ಸಂತೋಷವೂ ಆಯಿತು. ಇಷ್ಟು ದಿನ ನಾನೊಬ್ಬಳೇ ಉರಿಯುತ್ತಿದ್ದೇನೆ ಎಂದುಕೊಂಡಿದ್ದೆ. ನನ್ನನ್ನು ನೋಡಿಯೂ ಒಬ್ಬಳು ಅಷ್ಟು ವರ್ಷ ಉರಿದಿದ್ದಳು.

ಆ ವರ್ಷದ ಶರತ್ಕಾಲದಲ್ಲಿ ಅಜ್ಜಿ, ಯಜಮಾನರು ಮತ್ತೆ ಬಂದರು. ಓರಗಿತ್ತಿಯೇ ಹೇಳಿ ಕಳಿಸಿರಬೇಕು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಈ ಸಲ ಅವರು ಕೋಟು ತೆಗೆಯುವ ಮೊದಲೇ ಒಪ್ಪಿಕೊಂಡೆ. ಕೊನೆಗೂ ಆ ಭಾನುವಾರ ಬಂತು. ಮುಂದೆ ಹೋಗಿ ಮೊಣಕಾಲೂರಿದೆ. ಹಿಂದೆ ಬೆಂಚುಗಳು ಕಿರುಗುಟ್ಟಿದವು, ಹಳಬರು ಎದ್ದು ಬರತೊಡಗಿದರು. ಅಮ್ಮನನ್ನು ನೆನೆದುಕೊಳ್ಳಬೇಕು ಎಂದು ಎಷ್ಟು ದಿನದಿಂದ ಅಂದುಕೊಂಡಿದ್ದೆ! ಆದರೆ ಎಲ್ಲಕ್ಕಿಂತ ಮೊದಲು ತಲೆಯ ಮೇಲೆ ಬಂದು ಕೂತದ್ದು ಬಳೆ ತೊಟ್ಟ ಒಂದು ಕೈ. ಕರಿಬೇವಿನ ವಾಸನೆ ಬರುತ್ತಿದ್ದ ಕೈ ಆ ಸಭೆಯಲ್ಲಿ ಇನ್ಯಾರದು? ಇಲ್ಲಿಯೂ ಅವಳೇ ಮೊದಲು, ಇಲ್ಲಿ ಅವಳೇ ನನಗೆ ಹಿರಿಯಳು.

ಪಾದ್ರಿ ನನಗಾಗಿ ದೊಡ್ಡ ಪ್ರಾರ್ಥನೆ ಮಾಡಿದರು. ನಾನು ದೇವರನ್ನು ಬೇಡಿದ್ದು ಇಷ್ಟೇ: ಎಲ್ಲರಿಗಿಂತ ಮೊದಲು ಇವಳು ಕೈ ತೆಗೆಯಲಿ. ಆಮೆನ್ ಎಂದರು. ಒಂದೊಂದೇ ಕೈ ಸರಿದು ತಲೆ ಹಗುರವಾಯಿತು. ಅವಳದು ಮಾತ್ರ ಅಲ್ಲೇ ಇತ್ತು. ನಾನೂ ತಲೆ ಎತ್ತಲಿಲ್ಲ.